ಅಟ್ಲಾಸ್ ಬೆಟ್ಟದ ರಾಹಿಬರು

ಉರ್ದು ಶಾಲೆಯಲ್ಲಿ ಓದುವಾಗ ‘ರಾಹಿಬ್’ ಎಂಬ ಪದಕ್ಕೆ ನಮ್ಮ ಉಸ್ತಾದರು ಹೇಳಿಕೊಟ್ಟ ಅರ್ಥ ಇಷ್ಟೇ: ಸಂಸಾರದ ಗೊಡವೆ ಬಿಟ್ಟು, ಗುಡ್ಡಬೆಟ್ಟ ಸೇರಿ ದೇವರ ಧ್ಯಾನ ಮಾಡುವ ಕ್ರೈಸ್ತ ಸನ್ಯಾಸಿ. ಕುರ್‌ಆನಿನ ‘ಅಲ್ ಮಾಇದಾ’ ಅಧ್ಯಾಯದ 82ನೆಯ ವಚನದಲ್ಲಿ ಈ ರಾಹಿಬರ ಪ್ರಸ್ತಾಪ ಬರುತ್ತದೆ. ವಿಶ್ವಾಸಿಗಳ ಸ್ನೇಹಕ್ಕೆ ಕ್ರೈಸ್ತರು ಹತ್ತಿರದವರು, ಏಕೆಂದರೆ ಅವರಲ್ಲಿ ವಿದ್ವಾಂಸರಿದ್ದಾರೆ, ರಾಹಿಬರಿದ್ದಾರೆ, ಅವರು ಅಹಂಕಾರ ಪಡುವವರಲ್ಲ ಎಂಬುದು ಅದರ ಭಾವ. ಬಾಲ್ಯದಲ್ಲಿ ಇದನ್ನು ಓದಿದ್ದೆನೇ ಹೊರತು ಅಂಥವರನ್ನು ಕಂಡಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅಲ್ಜೀರಿಯಾದ ತಿಬಿರಿನ್ ಎಂಬ ಹಳ್ಳಿಯ ಏಳು ಮಂದಿ ರಾಹಿಬರ ಕಥೆ ಓದಿದಾಗ ಆ ವಚನಕ್ಕೆ ನನ್ನ ಕಣ್ಣೆದುರು ಮುಖಗಳು ಮೂಡಿದವು.

1996ರಲ್ಲಿ ಆ ಏಳು ಮಂದಿಯ ಹತ್ಯೆಯಾಯಿತು. ಕೊಂದೆವೆಂದು ಹೇಳಿಕೊಂಡವರು ಇಸ್ಲಾಮಿನ ಹೆಸರು ಹೇಳುತ್ತಿದ್ದವರು. ಆದ್ದರಿಂದ ಈ ಕಥೆಯನ್ನು ಹೇಳುವುದು ನಮಗೆ ಸುಲಭವಲ್ಲ. ಆದರೆ ಕಥೆಯ ಆರಂಭದಲ್ಲಿಯೂ ಒಬ್ಬ ಮುಸ್ಲಿಮನ ಸಾವಿದೆ. ಅದನ್ನು ಮರೆತರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಬಾವಿಯ ಬಳಿ ಒಂದು ಹೆಣ

ಅಲ್ಜೀರಿಯಾ 1830ರಿಂದ 1962ರವರೆಗೆ ಫ್ರೆಂಚರ ಆಳ್ವಿಕೆಯಲ್ಲಿತ್ತು. 1954ರಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾಯಿತು. ಆ ಯುದ್ಧದ ನಡುವೆ, 1959ರಲ್ಲಿ, ಕ್ರಿಸ್ತಿಯಾನ್ ದ ಶೆರ್ಜೆ ಎಂಬ 22 ವರ್ಷದ ತರುಣ ಫ್ರೆಂಚ್ ಸೇನೆಯ ಅಧಿಕಾರಿಯಾಗಿ ಅಲ್ಲಿಗೆ ಬಂದರು. ಅವರ ತಂದೆಯೂ ಸೇನಾಧಿಕಾರಿ. ಬಾಲ್ಯದ ಕೆಲವು ವರ್ಷಗಳನ್ನು ಅಲ್ಜಿಯರ್ಸ್ ನಗರದಲ್ಲೇ ಕಳೆದಿದ್ದ ಕ್ರಿಸ್ತಿಯಾನ್‌ಗೆ ಆ ನೆಲ ಹೊಸದಲ್ಲ. ಆದರೆ ಈ ಸಲ ಬಂದದ್ದು ಆಳುವವರ ಸಮವಸ್ತ್ರ ತೊಟ್ಟು.

ಅಲ್ಲಿ ಅವರಿಗೆ ಮೊಹಮ್ಮದ್ ಎಂಬವರ ಸ್ನೇಹವಾಯಿತು. ಮೊಹಮ್ಮದ್ ಹಳ್ಳಿಯ ಕಾವಲುಗಾರ, ಹತ್ತು ಮಕ್ಕಳ ತಂದೆ, ದೇವಭಕ್ತ. ಇಬ್ಬರೂ ದೇವರ ಬಗ್ಗೆ, ಪ್ರಾರ್ಥನೆಯ ಬಗ್ಗೆ ಮಾತಾಡುತ್ತಾ ನಡೆಯುತ್ತಿದ್ದರು. ಒಂದು ದಿನ ಬಂಡುಕೋರರು ಎದುರಾದಾಗ ಮೊಹಮ್ಮದ್ ಅಡ್ಡ ಬಂದು, ಈತ ಒಳ್ಳೆಯವನು, ಮುಸ್ಲಿಮರ ಗೆಳೆಯ ಎಂದು ಹೇಳಿ ಕ್ರಿಸ್ತಿಯಾನ್‌ರ ಜೀವ ಉಳಿಸಿದರು. ಇದರ ಬೆಲೆ ಏನೆಂಬುದು ಅವರಿಗೆ ಗೊತ್ತಿತ್ತು. ನಿನಗಾಗಿ ಪ್ರಾರ್ಥಿಸುತ್ತೇನೆ ಎಂದು ಕ್ರಿಸ್ತಿಯಾನ್ ಹೇಳಿದರೆ, ನೀನು ಪ್ರಾರ್ಥಿಸುತ್ತೀ, ಆದರೆ ಕ್ರೈಸ್ತರಿಗೆ ಪ್ರಾರ್ಥನೆ ಮಾಡಲು ಬರುವುದಿಲ್ಲವಲ್ಲ ಎಂಬ ಅರ್ಥದ ಮಾತನ್ನು ಮೊಹಮ್ಮದ್ ಆಡಿದ್ದರಂತೆ. ಮರುದಿನ ಅವರ ಹೆಣ ಅವರದೇ ಬಾವಿಯ ಬಳಿ ಸಿಕ್ಕಿತು.

ಬದುಕಿ ಉಳಿದ ಕ್ರಿಸ್ತಿಯಾನ್ ಫ್ರಾನ್ಸಿಗೆ ಮರಳಿ 1964ರಲ್ಲಿ ಪಾದ್ರಿಯಾದರು. ಪ್ಯಾರಿಸ್ಸಿನಲ್ಲಿ ಒಳ್ಳೆಯ ಸ್ಥಾನವಿತ್ತು, ಚರ್ಚಿನಲ್ಲಿ ಮೇಲೇರುವ ದಾರಿಯೂ ಇತ್ತು. ಆದರೆ ಮೊಹಮ್ಮದ್ ಅವರನ್ನು ಬಿಡಲಿಲ್ಲ. ತನ್ನ ಜೀವವನ್ನು ಒಬ್ಬ ಮುಸ್ಲಿಮ್ ತನ್ನ ಜೀವ ಕೊಟ್ಟು ಉಳಿಸಿದ್ದಾನೆ, ಅದನ್ನು ಅವನ ನಾಡಿಗೇ ಹಿಂದಿರುಗಿಸಬೇಕು ಎಂದುಕೊಂಡರು. 1969ರಲ್ಲಿ ಟ್ರಾಪಿಸ್ಟ್ ಸನ್ಯಾಸಿಗಳ ಪಂಥ ಸೇರಿ, 1971ರಲ್ಲಿ ತಿಬಿರಿನ್‌ಗೆ ಬಂದರು. ಮುಂದೆ ಎರಡು ವರ್ಷ ರೋಮಿನಲ್ಲಿ ಅರಬಿ ಮತ್ತು ಇಸ್ಲಾಮಿನ ಅಧ್ಯಯನ ಮಾಡಿದರು. 1984ರಲ್ಲಿ ಮಠದ ಹಿರಿಯರಾಗಿ ಆಯ್ಕೆಯಾದರು.

ತೋಟಗಳ ಊರು

ತಿಬಿರಿನ್ ಎಂದರೆ ಅಲ್ಲಿನ ಬರ್ಬರ್ ಭಾಷೆಯಲ್ಲಿ ತೋಟಗಳು ಎಂದು ಅರ್ಥ. ಮೆದೆಯಾ ಪಟ್ಟಣದ ಪಕ್ಕ, ಅಟ್ಲಾಸ್ ಬೆಟ್ಟದ ಇಳಿಜಾರಿನಲ್ಲಿರುವ ಊರು. ಟ್ರಾಪಿಸ್ಟರು ಅಲ್ಲಿ ಮಠ ಕಟ್ಟಿಕೊಂಡದ್ದು 1938ರಲ್ಲಿ. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಬೆಟ್ಟದ ಮೇಲಿನ ಕುಟುಂಬಗಳು ಓಡಿ ಬಂದು ಮಠದ ಗೋಡೆಯ ಸುತ್ತ ನೆಲೆ ನಿಂತವು. ಹಳ್ಳಿ ಬೆಳೆದದ್ದು ಹಾಗೆ.

ಈ ಸನ್ಯಾಸಿಗಳು ಯಾರನ್ನೂ ಮತಾಂತರಿಸಲು ಹೊರಟವರಲ್ಲ. ದಿನಕ್ಕೆ ಹಲವು ಹೊತ್ತು ಪ್ರಾರ್ಥನೆ, ಉಳಿದಂತೆ ತೋಟದ ಕೆಲಸ, ಜೇನು ಸಾಕಣೆ. ಹಳ್ಳಿಯ ರೈತರು ತೋಟದಲ್ಲಿ ಆಳುಗಳಲ್ಲ, ಪಾಲುದಾರರು, ಬೆಳೆದದ್ದನ್ನು ಹಂಚಿಕೊಳ್ಳುತ್ತಿದ್ದರು. ಹಳ್ಳಿಯವರಿಗೆ ನಮಾಜಿಗೆ ಜಾಗವಿಲ್ಲವೆಂದಾಗ ಮಠದ ಆವರಣದ ಒಂದು ಕೋಣೆಯನ್ನು ಬಿಟ್ಟುಕೊಟ್ಟರು. ಒಂದೇ ಆವರಣದಿಂದ ಚರ್ಚಿನ ಗಂಟೆಯೂ ಬಾಂಗಿನ ಕರೆಯೂ ಕೇಳತೊಡಗಿತು.

ಹಳ್ಳಿಗರಿಗೆ ಎಲ್ಲರಿಗಿಂತ ಹತ್ತಿರವಾಗಿದ್ದವರು ಲ್ಯೂಕ್. 1914ರಲ್ಲಿ ಹುಟ್ಟಿದ ಇವರು ವೈದ್ಯರು. 1946ರಲ್ಲಿ ತಿಬಿರಿನ್‌ಗೆ ಬಂದು ಸುಮಾರು 50 ವರ್ಷ ಅಲ್ಲೇ ದವಾಖಾನೆ ನಡೆಸಿದರು. ಬಡವರಿಂದ ಹಣ ಪಡೆಯುತ್ತಿರಲಿಲ್ಲ. ಔಷಧಿಯ ಜೊತೆಗೆ ಬಟ್ಟೆ, ಚಪ್ಪಲಿ, ಸರಕಾರಿ ಅರ್ಜಿ ಬರೆದುಕೊಡುವುದು ಎಲ್ಲವೂ ನಡೆಯುತ್ತಿತ್ತು. 1959ರಲ್ಲಿ ಸ್ವಾತಂತ್ರ್ಯ ಹೋರಾಟಗಾರರು ಇವರನ್ನು ಅಪಹರಿಸಿದ್ದರು. ಇವರು ತಿಬಿರಿನ್‌ನ ಡಾಕ್ಟರು ಎಂದು ಅವರಲ್ಲೊಬ್ಬ ಗುರುತಿಸಿದ್ದರಿಂದ ಬಿಡುಗಡೆಯಾಯಿತು.

ಕ್ರಿಸ್ತಿಯಾನ್ 1979ರಲ್ಲಿ ಗೆಳೆಯರೊಂದಿಗೆ ಸೇರಿ ‘ರಿಬಾತ್ ಅಸ್ಸಲಾಮ್’ ಎಂಬ ಕೂಟವೊಂದನ್ನು ಶುರು ಮಾಡಿದರು. ಉರ್ದು ಬಲ್ಲವರಿಗೆ ‘ರಬ್ತ್’ ಎಂದರೆ ನಂಟು ಎಂದು ಗೊತ್ತು. ಹಿಂದಿನ ಕಾಲದಲ್ಲಿ ಗಡಿ ಕಾಯುವ ಯೋಧರ ಕೋಟೆಗೂ ರಿಬಾತ್ ಎನ್ನುತ್ತಿದ್ದರು. ಶಾಂತಿಯ ನಂಟು, ಶಾಂತಿಯ ಕಾವಲು ಎರಡೂ ಆ ಹೆಸರಿನಲ್ಲಿವೆ. ಮೆದೆಯಾದ ಅಲವಿಯ್ಯಾ ಸೂಫಿಗಳೂ ಈ ಕೂಟದ ಜೊತೆಗೂಡಿದರು. ಅಲ್ಲಿ ಧರ್ಮಶಾಸ್ತ್ರದ ವಾಗ್ವಾದಕ್ಕಿಂತ ಜೊತೆಯಾಗಿ ಮೌನವಾಗಿರುವುದಕ್ಕೆ ಹೆಚ್ಚು ಬೆಲೆ. ಒಬ್ಬ ಮುಸ್ಲಿಮ್ ಗೆಳೆಯ ಕ್ರಿಸ್ತಿಯಾನ್‌ರ ಜೊತೆಗಿನ ಇಂಥ ಮಾತುಕತೆಗೆ ‘ನಮ್ಮ ಬಾವಿ ತೋಡುವುದು’ ಎಂದು ಹೆಸರಿಟ್ಟಿದ್ದ. ಬಾವಿಯ ತಳದಲ್ಲಿ ಸಿಗುವುದು ಮುಸ್ಲಿಮ್ ನೀರೋ ಕ್ರೈಸ್ತ ನೀರೋ ಎಂದು ಕ್ರಿಸ್ತಿಯಾನ್ ಒಮ್ಮೆ ತಮಾಷೆಗೆ ಕೇಳಿದರು. ಇಷ್ಟು ದಿನ ಜೊತೆಗೆ ನಡೆದು ಇನ್ನೂ ಈ ಪ್ರಶ್ನೆಯೇ, ಅಲ್ಲಿ ಸಿಗುವುದು ದೇವರ ನೀರು ಎಂದು ಆತ ಉತ್ತರಿಸಿದನಂತೆ.

ಮತಪೆಟ್ಟಿಗೆ ಮತ್ತು ಬಂದೂಕು

ಸ್ವಾತಂತ್ರ್ಯಾನಂತರ ಅಲ್ಜೀರಿಯಾವನ್ನು ಮೂರು ದಶಕ ಆಳಿದ್ದು ಒಂದೇ ಪಕ್ಷ, ಅದರ ಬೆನ್ನಿಗೆ ಸೇನೆ. ನಿರುದ್ಯೋಗ, ಭ್ರಷ್ಟಾಚಾರಗಳಿಂದ ರೋಸಿಹೋಗಿದ್ದ ಯುವಕರು 1988ರಲ್ಲಿ ಬೀದಿಗಿಳಿದರು. ಬಹುಪಕ್ಷ ಪದ್ಧತಿ ಬಂತು. 1991ರ ಡಿಸೆಂಬರ್ 26ರಂದು ನಡೆದ ಸಂಸತ್ ಚುನಾವಣೆಯ ಮೊದಲ ಸುತ್ತಿನಲ್ಲಿ ‘ಇಸ್ಲಾಮಿಕ್ ಸಾಲ್ವೇಷನ್ ಫ್ರಂಟ್’ 188 ಸ್ಥಾನ ಗೆದ್ದು ಬಹುಮತದ ಹತ್ತಿರ ಬಂತು. ಎರಡನೆಯ ಸುತ್ತು ನಡೆಯಲೇ ಇಲ್ಲ. 1992ರ ಜನವರಿಯಲ್ಲಿ ಸೇನೆ ಚುನಾವಣೆಯನ್ನೇ ರದ್ದುಗೊಳಿಸಿತು. ಮಾರ್ಚ್‌ನಲ್ಲಿ ಆ ಪಕ್ಷವನ್ನು ವಿಸರ್ಜಿಸಲಾಯಿತು. ಸಾವಿರಾರು ಜನರನ್ನು ಮರುಭೂಮಿಯ ಶಿಬಿರಗಳಿಗೆ ತಳ್ಳಿದರು.

ಮತಪೆಟ್ಟಿಗೆಯ ಬಾಗಿಲು ಮುಚ್ಚಿದ ಮೇಲೆ ಹಲವರು ಬಂದೂಕು ಹಿಡಿದು ಬೆಟ್ಟ ಹತ್ತಿದರು. ಅವರಲ್ಲಿ ಅತ್ಯಂತ ಕ್ರೂರವಾದದ್ದು ಜಿಐಎ ಎಂಬ ಸಶಸ್ತ್ರ ಗುಂಪು. ಪತ್ರಕರ್ತರು, ಶಿಕ್ಷಕರು, ಲೇಖಕರು, ಈ ಹಿಂಸೆಗೆ ಫತ್ವಾ ಕೊಡಲೊಪ್ಪದ ಇಮಾಮರು ಕೊಲೆಯಾದರು. ಸೇನೆಯ ಕಡೆಯಿಂದ ಚಿತ್ರಹಿಂಸೆ, ಗುಂಡೇಟು, ಮನೆಯಿಂದ ಎತ್ತಿಕೊಂಡು ಹೋದವರು ಮರಳದಿರುವುದು ನಡೆಯಿತು. ಒಂದು ದಶಕದಲ್ಲಿ ಸತ್ತವರು ಒಂದೂವರೆಯಿಂದ ಎರಡು ಲಕ್ಷ ಎಂದು ಅಂದಾಜು. ಅವರಲ್ಲಿ ಬಹುತೇಕ ಎಲ್ಲರೂ ಮುಸ್ಲಿಮರೇ.

ಇಂಥ ಕಾಲದಲ್ಲಿ ನೀನು ಯಾರ ಕಡೆ ಎಂಬ ಪ್ರಶ್ನೆ ಎಲ್ಲರ ಬಾಗಿಲಿಗೂ ಬರುತ್ತದೆ. ತಿಬಿರಿನ್ ಮಠದ ಬಾಗಿಲಿಗೂ ಬಂತು. ರಾಹಿಬರು ಸೈನಿಕರನ್ನು ‘ಬಯಲಿನ ಸಹೋದರರು’ ಎಂದೂ ಸಶಸ್ತ್ರ ಗುಂಪಿನವರನ್ನು ‘ಬೆಟ್ಟದ ಸಹೋದರರು’ ಎಂದೂ ಕರೆಯುತ್ತಿದ್ದರು. ಇದನ್ನು ಜಾಣತನದ ಮಾತೆಂದು ತಳ್ಳಿಹಾಕಬಹುದು. ಆದರೆ ಇಬ್ಬರಿಂದಲೂ ಅನುಮಾನ ಕಟ್ಟಿಕೊಳ್ಳುವ ಮಾತನ್ನು ಜಾಣರು ಆಡುವುದಿಲ್ಲ.

ಕ್ರಿಸ್‌ಮಸ್ ರಾತ್ರಿ

1993ರ ಅಕ್ಟೋಬರ್ ಕೊನೆಯಲ್ಲಿ ವಿದೇಶಿಯರು ಒಂದು ತಿಂಗಳೊಳಗೆ ದೇಶ ಬಿಡಬೇಕೆಂದು ಜಿಐಎ ಗಡುವು ಕೊಟ್ಟಿತು. ಡಿಸೆಂಬರ್ 14ರಂದು ಮಠದಿಂದ ಕೆಲವೇ ಕಿಲೋಮೀಟರ್ ದೂರದ ತಮೆಜ್‌ಗಿದಾದಲ್ಲಿ 12 ಮಂದಿ ಕ್ರೊಯೇಷಿಯಾದ ಕಾರ್ಮಿಕರ ಕತ್ತು ಕುಯ್ದರು. ಕ್ರೈಸ್ತರೆಂಬುದೇ ಅವರ ತಪ್ಪು. ರಾಹಿಬರಿಗೆ ಅವರ ಪರಿಚಯವಿತ್ತು.

ಹತ್ತೇ ದಿನಗಳ ನಂತರ, ಡಿಸೆಂಬರ್ 24ರ ರಾತ್ರಿ, ಸಾಯಾ ಅತ್ತಿಯಾ ಎಂಬ ಕಮಾಂಡರ್ ತನ್ನ ಬಂದೂಕುಧಾರಿಗಳೊಂದಿಗೆ ಮಠಕ್ಕೆ ಬಂದ. ಕ್ರೊಯೇಷಿಯನ್ನರ ಕೊಲೆಯ ಹಿಂದೆ ಇದ್ದವನು ಇವನೇ ಎನ್ನುತ್ತಾರೆ. ಕ್ರಿಸ್ತಿಯಾನ್ ಹೊರಗೆ ಬಂದು, ಇದು ಶಾಂತಿಯ ಮನೆ, ಇಲ್ಲಿಗೆ ಯಾರೂ ಆಯುಧ ಹಿಡಿದು ಬರುವಂತಿಲ್ಲ, ಮಾತಾಡಬೇಕಿದ್ದರೆ ಬಂದೂಕು ಹೊರಗಿಡಿ, ಇಲ್ಲವೇ ನಾವೇ ಹೊರಗೆ ಬರುತ್ತೇವೆ ಎಂದರು. ಮಾತು ಗೇಟಿನ ಆಚೆಯೇ ನಡೆಯಿತು. ಅತ್ತಿಯಾ ಕೇಳಿದ್ದು ಮೂರು: ಗಾಯಾಳುಗಳ ಚಿಕಿತ್ಸೆಗೆ ಡಾಕ್ಟರು ಬೆಟ್ಟಕ್ಕೆ ಬರಬೇಕು, ಔಷಧಿ ಕೊಡಬೇಕು, ಹಣ ಕೊಡಬೇಕು. ಲ್ಯೂಕ್ ಮುದುಕರು, ಅಸ್ತಮಾ ರೋಗಿ, ಬೆಟ್ಟ ಹತ್ತಲಾರರು. ದವಾಖಾನೆಗೆ ಯಾರು ಬಂದರೂ ಅವರು ಚಿಕಿತ್ಸೆ ಕೊಡುತ್ತಾರೆ, ಔಷಧಿಯೂ ಅಲ್ಲೇ. ಹಣ ನಮ್ಮಲ್ಲಿಲ್ಲ. ಇದು ಕ್ರಿಸ್ತಿಯಾನ್‌ರ ಉತ್ತರ. ನಿಮಗೆ ಬೇರೆ ಆಯ್ಕೆಯಿಲ್ಲ ಎಂದ ಅತ್ತಿಯಾ. ಇದೆ ಎಂದರು ಕ್ರಿಸ್ತಿಯಾನ್. ಇಂದು ಶಾಂತಿಯ ರಾಜಕುಮಾರ ಹುಟ್ಟಿದ ರಾತ್ರಿ, ನಾವು ಹಬ್ಬಕ್ಕೆ ಸಿದ್ಧರಾಗುತ್ತಿದ್ದೇವೆ ಎಂದೂ ಹೇಳಿದರು. ನನಗೆ ಗೊತ್ತಿರಲಿಲ್ಲ, ಕ್ಷಮಿಸಿ ಎಂದು ಹೇಳಿ, ಮತ್ತೆ ಬರುತ್ತೇವೆಂದು ಎಚ್ಚರಿಸಿ ಆತ ಹೊರಟುಹೋದ. ಕೆಲವು ತಿಂಗಳಲ್ಲಿ ಸೇನೆಯ ಕೈಯಲ್ಲಿ ಸತ್ತ.

ಆ ಮನುಷ್ಯನಿಗಾಗಿ ಹೇಗೆ ಪ್ರಾರ್ಥಿಸುವುದು ಎಂಬ ಪ್ರಶ್ನೆ ಕ್ರಿಸ್ತಿಯಾನ್‌ರನ್ನು ಕಾಡಿತು. ಅವನನ್ನು ಕೊಲ್ಲು ಎಂದು ದೇವರನ್ನು ಕೇಳುವಂತಿಲ್ಲ. ಅವನ ಕೈಯ ಆಯುಧ ಕೆಳಗಿಳಿಸು ಎಂದು ಕೇಳಬಹುದು. ಹಾಗೆ ಕೇಳಲು ನನಗೇನು ಹಕ್ಕಿದೆ, ಮೊದಲು ನನ್ನ ಒಳಗಿನ ಆಯುಧ ಇಳಿಯಲಿ ಎಂದು ಕೇಳಬೇಡವೇ? ಅಂದಿನಿಂದ ತಮ್ಮ ದಿನನಿತ್ಯದ ಪ್ರಾರ್ಥನೆಯೇ ಅದಾಯಿತೆಂದು ಅವರು ಹೇಳಿಕೊಂಡಿದ್ದಾರೆ.

ಇವರು ಹೆದರಿಕೆಯೇ ಇಲ್ಲದ ಮಹಾತ್ಮರೇನೂ ಅಲ್ಲ. ಆ ರಾತ್ರಿಯ ನಂತರ ಹೊರಟುಹೋಗೋಣ ಎಂದವರು ಅವರಲ್ಲಿ ಹಲವರಿದ್ದರು. ತೋಟ ನೋಡಿಕೊಳ್ಳುತ್ತಿದ್ದ ಕ್ರಿಸ್ತೋಫ್‌ರ ದಿನಚರಿಯಲ್ಲಿ ತಳಮಳ, ಭಯ ಎಲ್ಲವೂ ಇದೆ. ಜಿಲ್ಲಾಡಳಿತ ಸೈನಿಕರ ಕಾವಲು ಕೊಡುತ್ತೇವೆಂದಿತು. ಇವರು ಬೇಡವೆಂದರು, ರಾತ್ರಿ ಬಾಗಿಲು ಹಾಕಿಕೊಳ್ಳಲು ಮಾತ್ರ ಒಪ್ಪಿದರು. ಆರ್ಚ್‌ಬಿಷಪ್ ಆನ್ರಿ ತೆಸಿಯೆ ಬಂದು ಮಾತಾಡಿದರು. ಚರ್ಚೆ ನಡೆಯಿತು, ಮತಕ್ಕೆ ಹಾಕಿದರು, ಮತ್ತೆ ಮತ್ತೆ ಯೋಚಿಸಿದರು. ಕೊನೆಗೆ ಉಳಿದುಕೊಂಡರು. ಹಳ್ಳಿಯವರಿಗೆ ಹೋಗಲು ಫ್ರಾನ್ಸ್ ಇರಲಿಲ್ಲ. ಅವರನ್ನು ಬಿಟ್ಟು ತಾವು ಮಾತ್ರ ವಿಮಾನ ಹತ್ತುವುದು ಸರಿಯೆಂದು ಇವರಿಗೆ ಅನಿಸಲಿಲ್ಲ.

ಒಂದು ಪತ್ರ

ಜಿಐಎ ಗಡುವು ಮುಗಿದ ದಿನ, 1993ರ ಡಿಸೆಂಬರ್ 1ರಂದು, ಕ್ರಿಸ್ತಿಯಾನ್ ಒಂದು ಪತ್ರ ಬರೆಯಲು ಕುಳಿತರು. 1994ರ ಜನವರಿ 1ರಂದು ಮುಗಿಸಿ, ಮುಚ್ಚಿ, ಮನೆಯವರಿಗೆ ಕಳಿಸಿದರು. ತಾನು ಸತ್ತರೆ ಮಾತ್ರ ತೆರೆಯಬೇಕು.

ತನ್ನ ಬದುಕು ದೇವರಿಗೂ ಈ ನಾಡಿಗೂ ಕೊಟ್ಟದ್ದು ಎಂಬುದನ್ನು ನೆನಪಿಡಿ ಎಂದು ಅದರಲ್ಲಿದೆ. ಅಷ್ಟೇ ಕ್ರೂರವಾಗಿ ಸತ್ತು, ಯಾರ ಗಮನಕ್ಕೂ ಬಾರದೆ ಹೆಸರಿಲ್ಲದೆ ಹೋದ ಅಸಂಖ್ಯ ಜನರ ಸಾವಿನ ಜೊತೆಗೆ ತನ್ನ ಸಾವನ್ನು ಇಟ್ಟು ನೋಡಿ ಎಂದು ಕೋರಿಕೆಯಿದೆ. ತನ್ನ ಜೀವಕ್ಕೆ ಬೇರೆ ಯಾವ ಜೀವಕ್ಕಿಂತ ಹೆಚ್ಚಿನ ಬೆಲೆಯೂ ಇಲ್ಲ, ಕಡಿಮೆಯೂ ಇಲ್ಲ. ಮುಂದೆ ಬಹಳ ಮುಖ್ಯವಾದ ಮಾತು ಬರುತ್ತದೆ. ತನ್ನ ಕೊಲೆಗಾಗಿ ತಾನು ಪ್ರೀತಿಸುವ ಈ ಜನರನ್ನೆಲ್ಲ ಒಟ್ಟಾಗಿ ದೂರಬಾರದು. ಹುತಾತ್ಮನೆಂಬ ಹೆಸರು ತನಗೆ ಬರಲು ಒಬ್ಬ ಅಲ್ಜೀರಿಯನ್ ಕೊಲೆಗಾರನಾಗಬೇಕಿದ್ದರೆ ಆ ಬೆಲೆ ತೀರಾ ದುಬಾರಿ. ಅದರಲ್ಲೂ ಆತ ಇಸ್ಲಾಮಿಗಾಗಿ ಮಾಡಿದೆ ಎಂದು ನಂಬಿ ಮಾಡಿದರೆ ಇನ್ನೂ ದುಬಾರಿ. ಇಸ್ಲಾಮನ್ನು ಅದರ ಉಗ್ರರ ಜೊತೆ ಸಮೀಕರಿಸಿ ಮನಸ್ಸನ್ನು ಹಗುರ ಮಾಡಿಕೊಳ್ಳುವುದು ಸುಲಭ, ತನಗೆ ಅಲ್ಜೀರಿಯಾ ಮತ್ತು ಇಸ್ಲಾಮ್ ಬೇರೆಯೇ, ಅವು ಒಂದು ದೇಹ, ಒಂದು ಆತ್ಮ ಎಂಬ ಭಾವ ಅಲ್ಲಿದೆ.

ಕೊನೆಯಲ್ಲಿ ತನ್ನನ್ನು ಕೊಲ್ಲಲಿರುವ ಅಪರಿಚಿತನನ್ನೇ ಉದ್ದೇಶಿಸಿ ಮಾತಾಡುತ್ತಾರೆ. ಅವನನ್ನು ಕಡೆಯ ಗಳಿಗೆಯ ಗೆಳೆಯನೆಂದು ಕರೆದು, ಕೃತಜ್ಞತೆ ಹೇಳಿ, ದೇವರ ಚಿತ್ತವಿದ್ದರೆ ಇಬ್ಬರೂ ಸ್ವರ್ಗದಲ್ಲಿ ಸಂತೋಷದ ಕಳ್ಳರಂತೆ ಭೇಟಿಯಾಗೋಣ ಎಂದು ಹಾರೈಸುತ್ತಾರೆ. ಏಸುವಿನ ಜೊತೆ ಶಿಲುಬೆಗೇರಿ ಕಡೆಯ ಗಳಿಗೆಯಲ್ಲಿ ಸ್ವರ್ಗ ಪಡೆದ ಕಳ್ಳನ ಕಥೆ ಇದರ ಹಿಂದಿದೆ. ಪತ್ರ ಮುಗಿಯುವುದು ಆಮೆನ್ ಮತ್ತು ಇನ್‌ಶಾ ಅಲ್ಲಾಹ್ ಎಂಬ ಎರಡು ಮಾತುಗಳಿಂದ.

1996ರ ಮಾರ್ಚ್ 26ರ ನಡುರಾತ್ರಿ ಕಳೆದ ಮೇಲೆ ಬಂದೂಕುಧಾರಿಗಳು ಮಠಕ್ಕೆ ನುಗ್ಗಿದರು. ಕ್ರಿಸ್ತಿಯಾನ್, ಲ್ಯೂಕ್, ಕ್ರಿಸ್ತೋಫ್, ಮಿಶೆಲ್, ಸೆಲೆಸ್ತಿನ್, ಪಾಲ್ ಮತ್ತು ಮೊರಾಕೊದ ಶಾಖೆಯಿಂದ ಅತಿಥಿಯಾಗಿ ಬಂದಿದ್ದ ಬ್ರೂನೊ, ಹೀಗೆ ಏಳು ಮಂದಿಯನ್ನು ಹೊತ್ತೊಯ್ದರು. ರಿಬಾತ್ ಕೂಟದ ಸದಸ್ಯರು ಆ ರಾತ್ರಿ ಅತಿಥಿಗೃಹದಲ್ಲೇ ಇದ್ದರು, ಅವರ ಮೇಲೆ ಕಣ್ಣು ಬೀಳಲಿಲ್ಲ. ಝಾನ್ ಪಿಯೆರ್ ಮತ್ತು ಅಮೆದೆ ಎಂಬ ಇಬ್ಬರು ರಾಹಿಬರೂ ಉಳಿದರು. ಏಳು ಮಂದಿಯನ್ನು ಮೇ 21ರಂದು ಕೊಂದೆವೆಂದು ಜಿಐಎ ಹೆಸರಿನ ಪ್ರಕಟಣೆ ಹೇಳಿತು. ಮೇ 30ರಂದು ಮೆದೆಯಾದ ಬಳಿ ಸಿಕ್ಕಿದ್ದು ತಲೆಗಳು ಮಾತ್ರ, ದೇಹಗಳು ಇಂದಿಗೂ ಸಿಕ್ಕಿಲ್ಲ. ಜೂನ್ 4ರಂದು ಅವರನ್ನು ಮಠದ ಆವರಣದಲ್ಲೇ ಮಣ್ಣು ಮಾಡಿದರು. ಹಳ್ಳಿಯ ಜನ ಬಂದು ಮಣ್ಣು ಹಾಕಿದರು.

ಕೊಂದವರು ಯಾರು?

ಈ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಜಿಐಎ ಒಳಗೆ ಸೇನೆಯ ಗುಪ್ತಚರರು ನುಸುಳಿದ್ದರು ಎಂಬ ಆರೋಪವಿದೆ. ಆ ಕಾಲದಲ್ಲಿ ಅಲ್ಜಿಯರ್ಸ್‌ನ ಫ್ರೆಂಚ್ ರಾಯಭಾರ ಕಚೇರಿಯಲ್ಲಿದ್ದ ಸೇನಾಧಿಕಾರಿ ಫ್ರಾಂಸ್ವಾ ಬುಶ್ವಾಲ್ತೆ, ಸೇನಾ ಹೆಲಿಕಾಪ್ಟರಿನ ದಾಳಿಗೆ ರಾಹಿಬರು ತಪ್ಪಿ ಬಲಿಯಾದರೆಂದು ತಾನು ಕೇಳಿದ್ದಾಗಿ 2009ರಲ್ಲಿ ಫ್ರೆಂಚ್ ನ್ಯಾಯಾಧೀಶರ ಮುಂದೆ ಹೇಳಿದರು. 2014ರಲ್ಲಿ ಗೋರಿ ತೆರೆದು ಪರೀಕ್ಷಿಸಿದರು. ಸತ್ತ ಮೇಲೆ ತಲೆಗಳನ್ನು ಕತ್ತರಿಸಿರಬಹುದು, ಸಾವು ಪ್ರಕಟಣೆಯ ದಿನಕ್ಕಿಂತ ಮೊದಲೇ ಆಗಿರಬಹುದು ಎಂಬ ಕಡೆಗೆ 2018ರ ತಜ್ಞರ ವರದಿ ಬೊಟ್ಟು ಮಾಡಿತು.

ಸತ್ಯ ಹೊರಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮವರಲ್ಲಿ ಕೆಲವರು ಇಂಥ ವರದಿ ಓದಿದೊಡನೆ ಸದ್ಯ ನಮ್ಮ ಮೇಲಿನ ಆರೋಪ ತಪ್ಪಿತು ಎಂದು ನಿಟ್ಟುಸಿರು ಬಿಡುತ್ತಾರೆ. ತಮೆಜ್‌ಗಿದಾದ ಆ 12 ಕಾರ್ಮಿಕರ ಮಾತೇನು? ಕೊಲೆಯಾದ ಇಮಾಮರ ಮಾತೇನು? ಇನ್ನೊಂದು ಕಡೆ, ಏಳು ತಲೆಗಳ ಚಿತ್ರ ಮುಂದಿಟ್ಟು ಇಸ್ಲಾಮ್ ಎಂದರೆ ಇದೇ ನೋಡಿ ಎನ್ನುವವರೂ ಇದ್ದಾರೆ. ಈ ಇಬ್ಬರಿಗೂ ಆ ಪತ್ರದಲ್ಲಿ ಜಾಗವಿಲ್ಲ. ತನ್ನ ಸಾವು ಯಾವ ಪಕ್ಷದ ಸಾಕ್ಷ್ಯವೂ ಆಗಬಾರದೆಂದು ಕ್ರಿಸ್ತಿಯಾನ್ ಎರಡು ವರ್ಷ ಮುಂಚೆಯೇ ಬರೆದಿಟ್ಟಿದ್ದರು. ಶಾಂತಿಗಾಗಿ ಪ್ರಾಣ ಕೊಟ್ಟವರು ಚರಿತ್ರೆಯಲ್ಲಿ ಹಲವರಿದ್ದಾರೆ. ಕೊಟ್ಟ ಪ್ರಾಣ ಮುಂದೆ ಯಾರ ದ್ವೇಷಕ್ಕೂ ಇಂಧನವಾಗಬಾರದು ಎಂದು ಮೊದಲೇ ಎಚ್ಚರ ವಹಿಸಿದವರು ಕಡಿಮೆ.

ಇವರ ಪ್ರೀತಿಯಿಂದ ಯುದ್ಧ ನಿಲ್ಲಲಿಲ್ಲ. ಅವರು ಸತ್ತ ಮರುವರ್ಷ, 1997ರಲ್ಲಿ, ಹಳ್ಳಿಗಳಲ್ಲಿ ಇನ್ನೂ ಭೀಕರ ಸಾಮೂಹಿಕ ಹತ್ಯೆಗಳು ನಡೆದವು. ಯುದ್ಧ ತಣ್ಣಗಾದದ್ದು ಸೇನೆಯ ಬಲ, ಕ್ಷಮಾದಾನದ ಕಾನೂನು, ಜನರ ಆಯಾಸ ಎಲ್ಲ ಸೇರಿ. ಕಾಣೆಯಾದವರ ತಾಯಂದಿರಿಗೆ ಉತ್ತರ ಸಿಗಲಿಲ್ಲ. ಹಾಗಾದರೆ ಏಳು ಜನ ಸತ್ತು ಏನು ಸಾಧಿಸಿದರು ಎಂದು ಯಾರಾದರೂ ಕೇಳಿದರೆ ಲೆಕ್ಕ ಒಪ್ಪಿಸುವುದು ಕಷ್ಟ. ಆದರೆ ಮೊಹಮ್ಮದ್ ಸಾಧಿಸಿದ್ದೇನು? 1959ರ ಹೊತ್ತಿನಲ್ಲಿ ಅವರ ಸಾವೂ ಯುದ್ಧವನ್ನು ಒಂದು ದಿನವೂ ಬೇಗ ಮುಗಿಸಲಿಲ್ಲ.

1996ರ ಆಗಸ್ಟ್ 1ರಂದು ಒರಾನ್ ನಗರದ ಬಿಷಪ್ ಪಿಯೆರ್ ಕ್ಲಾವರಿ ಬಾಂಬಿಗೆ ಬಲಿಯಾದರು. ಜೊತೆಗೆ ಸತ್ತವನು ಅವರ ಕಾರಿನ ಚಾಲಕ, 21 ವರ್ಷದ ಮುಸ್ಲಿಮ್ ಯುವಕ ಮೊಹಮ್ಮದ್ ಬೂಶಿಖಿ. ಅಪಾಯ ಗೊತ್ತಿದ್ದೂ ಅವನು ಬಿಷಪರನ್ನು ಬಿಟ್ಟುಹೋಗಿರಲಿಲ್ಲ. ಕಥೆ ಒಬ್ಬ ಮೊಹಮ್ಮದ್‌ನಿಂದ ಶುರುವಾಗಿ ಇನ್ನೊಬ್ಬ ಮೊಹಮ್ಮದ್‌ನ ಬಳಿ ಬಂದು ನಿಂತಿತು.

2018ರ ಡಿಸೆಂಬರ್ 8ರಂದು ಒರಾನ್‌ನಲ್ಲಿ ಏಳು ರಾಹಿಬರು, ಬಿಷಪ್ ಕ್ಲಾವರಿ ಸೇರಿದಂತೆ 19 ಮಂದಿಯನ್ನು ಕೆಥೋಲಿಕ್ ಚರ್ಚು ಧನ್ಯರೆಂದು ಘೋಷಿಸಿತು. ಆ ದಿನ ಬೆಳಿಗ್ಗೆ ಅವರ ಕುಟುಂಬದವರನ್ನು ಇಮಾಮರು ಒರಾನ್‌ನ ದೊಡ್ಡ ಮಸೀದಿಯಲ್ಲಿ ಬರಮಾಡಿಕೊಂಡರು. ಉಳಿದಿದ್ದ ಇಬ್ಬರಲ್ಲಿ ಅಮೆದೆ 2008ರಲ್ಲಿ ತೀರಿಕೊಂಡರು, ಝಾನ್ ಪಿಯೆರ್ 2021ರಲ್ಲಿ ಮೊರಾಕೊದ ಮಿದೆಲ್ತ್ ಮಠದಲ್ಲಿ ತೀರಿಕೊಂಡರು. 2010ರಲ್ಲಿ ಈ ಕಥೆಯನ್ನಾಧರಿಸಿ ಕ್ಸೇವಿಯರ್ ಬೊವ್ವಾ ಮಾಡಿದ ಫ್ರೆಂಚ್ ಚಿತ್ರವನ್ನು ಲಕ್ಷಾಂತರ ಜನ ನೋಡಿದರು. ತಿಬಿರಿನ್‌ನ ತೋಟವೂ ಪಾಳು ಬೀಳಲಿಲ್ಲ. 2001ರಿಂದ ಒಬ್ಬ ಫ್ರೆಂಚ್ ಪಾದ್ರಿ ಹಳ್ಳಿಯ ಇಬ್ಬರು ಕೃಷಿಕರ ಜೊತೆ ಅದನ್ನು ಹದಿನೈದು ವರ್ಷ ನೋಡಿಕೊಂಡರು. 2016ರಲ್ಲಿ ಬೇರೊಂದು ಕ್ರೈಸ್ತ ಸಮುದಾಯ ಬಂದು ನೆಲೆಸಿತು.

ನನ್ನ ಉಸ್ತಾದರು ಈಗಿಲ್ಲ. ಇದ್ದಿದ್ದರೆ ರಾಹಿಬ್ ಪದಕ್ಕೆ ಅವರು ಹೇಳಿದ ಅರ್ಥಕ್ಕೆ ಒಂದು ತಿದ್ದುಪಡಿ ಸೂಚಿಸುತ್ತಿದ್ದೆ. ತಿಬಿರಿನ್‌ನವರು ಬೆಟ್ಟಕ್ಕೇನೋ ಹೋಗಿದ್ದರು. ಆದರೆ ಲೋಕ ಬಿಟ್ಟು ಹೋದವರಲ್ಲ. ಪಕ್ಕದ ಮನೆಯವರು ಊರು ಬಿಡಲಾರದ ಸ್ಥಿತಿಯಲ್ಲಿದ್ದಾರೆ ಎಂಬ ಒಂದೇ ಕಾರಣಕ್ಕೆ ತಾವೂ ಊರು ಬಿಡದೆ ಉಳಿದವರು.